ಅಂಟಿಕೊಂಡ ಹಾಳೆ

"ಇದು ನನ್ನ ಪುಸ್ತಕದಲ್ಲಿ ಇಲ್ವಲ್ಲಮ್ಮ," ಎಂದರು ಲೇಖಕಿ, ಬಾಯಲ್ಲಿದ್ದ ತುಂಡನ್ನು ನಿಧಾನವಾಗಿ ನುಂಗಿ.

ಪುರಭವನದಲ್ಲಿ ಕೂತಿದ್ದವರೆಲ್ಲ ವೇದಿಕೆಯತ್ತ ಕತ್ತು ಚಾಚಿದರು. ಅದು ಕೈಯಾರೆ ಮಾಡಿದ ತಿನಿಸುಗಳ ಮೇಳ. ಊರಿನಲ್ಲಿ ಬ್ರೆಡ್ಡು, ಜಾಮು, ಚೀಸು ಮಾಡುವವರು ಗೋಡೆಯುದ್ದಕ್ಕೂ ಮೇಜು ಹಾಕಿಕೊಂಡಿದ್ದರು. ನಡುವೆ ಅಡುಗೆ ಪುಸ್ತಕದ ಲೇಖಕಿಯ ಭಾಷಣ. ಭಾಷಣ ಮುಗಿದಾಗ ಯಾರೋ, "ಮುಂದಿನ ಪುಸ್ತಕ ಯಾವಾಗ?" ಎಂದು ಕೇಳಿದ್ದರು. "ಬರೆಯೋದೆಲ್ಲ ಬರೆದಾಯ್ತು. ಇನ್ನು ತಿನ್ನೋ ಕೆಲಸ ಮಾತ್ರ," ಎಂದು ಲೇಖಕಿ ನಕ್ಕಿದ್ದರು. ಆಗಲೇ ಸುರುಳಿಯಕ್ಕ ತಟ್ಟೆ ಹಿಡಿದು ವೇದಿಕೆ ಹತ್ತಿದ್ದು.

ಕಿತ್ತಳೆ ಸುರುಳಿ ಮಾಡಿ ಮಾರುವ ಅವಳನ್ನು ಊರು ಕರೆಯುವುದೇ ಹಾಗೆ. ಶಾಲೆಯ ಅಡುಗೆಮನೆಯ ಕೆಲಸ ಹೋಗಿ, ದಿಕ್ಕು ತೋಚದೆ ಕೂತಿದ್ದಾಗ ಈ ಲೇಖಕಿಯ ಅಡುಗೆ ಪುಸ್ತಕ ಸಿಕ್ಕಿತ್ತು. ಗ್ರಂಥಾಲಯದವರು ಹಳೆಯದೆಂದು ಹೊರಗಿಟ್ಟ ಪ್ರತಿ. ಅಂದಿನಿಂದ ಒಂಬತ್ತು ವರ್ಷ ಅವಳ ಮೇಜಿನ ಬೋರ್ಡಿನಲ್ಲಿ ಲೇಖಕಿಯ ಹೆಸರೇ ದೊಡ್ಡದಾಗಿತ್ತು, ಅವಳದು ಎಲ್ಲೂ ಇರಲಿಲ್ಲ. "ನನ್ನ ಮನೆ ನಡೆಸ್ತಿರೋದು ನಿಮ್ಮ ಈ ತಿಂಡಿನೇ ಅಮ್ಮ," ಎಂದಷ್ಟೇ ಹೇಳಿ ಇಳಿದುಬಿಡಬೇಕೆಂದು ಬಂದಿದ್ದಳು.

"ಹಾಗಾದ್ರೆ ಇಷ್ಟು ವರ್ಷ ಸುಳ್ಳು ಬೋರ್ಡಾ?" ಜೇನು ಮಾರುವವನ ದನಿ ಹಿಂದಿನಿಂದ ಬಂತು. ಒಂದಿಬ್ಬರು ಕಿಸಕ್ಕೆಂದರು.

"ಇದೆಯಮ್ಮ, ನಲವತ್ತೇಳನೇ ಪುಟ..." ಸುರುಳಿಯಕ್ಕ ತನ್ನ ಮೇಜಿನತ್ತ ಕೈ ತೋರಿಸಿದಳು. ಮೇಜು ಕಾಯುತ್ತಿದ್ದ ನಾದಿನಿ ಪುಸ್ತಕ ಎತ್ತಿಕೊಂಡು ಓಡಿಬಂದಳು. "ಪುಸ್ತಕ ನೋಡ್ಕೊಂಡು ಮಾಡೋದ್ರಲ್ಲಿ ಏನು ದೊಡ್ಡಸ್ತಿಕೆ ಅತ್ತಿಗೆ?" ಎಂದು ದಿನಾ ಮನೆಯಲ್ಲಿ ಕುಟುಕುವವಳು ಅವಳೇ.

ಲೇಖಕಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಕಿತ್ತಳೆ ಸಿಪ್ಪೆಯನ್ನು ಸಕ್ಕರೆಯಲ್ಲಿ ಗಟ್ಟಿಯಾಗುವವರೆಗೆ ಕುದಿಸಿ, ಆರಿದ ಮೇಲೆ..." ಹಾಳೆ ಮಗುಚಿದರು. "...ಲಟ್ಟಿಸಿದ ಹಿಟ್ಟಿನ ಮೇಲೆ ಹರಡಿ, ಕುಟ್ಟಿದ ಕಾಳುಮೆಣಸು ಉದುರಿಸಿ, ಸುರುಳಿ ಸುತ್ತಿ." ಅಲ್ಲಿ ನಿಂತರು. ಪುಟದ ಸಂಖ್ಯೆ ನೋಡಿದರು. ಐವತ್ತು! ಹಾಳೆಯನ್ನು ಬೆರಳಲ್ಲಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದರು. ಒಂದರ ಹಿಂದೆ ಇನ್ನೊಂದು ಹಾಳೆಯ ಅಕ್ಷರಗಳು ನೆರಳಿನಂತೆ ಕಂಡವು. ಅಂಚಿನುದ್ದಕ್ಕೂ ಯಾವ ಕಾಲದ್ದೋ ಜಾಮಿನ ಕಂದು ಕಲೆ.

"ಎರಡು ಹಾಳೆ ಅಂಟಿಕೊಂಡಿದೆ," ಎಂದರು, ನಗು ತಡೆಯಲಾರದೆ. "ಕಿತ್ತಳೆ ಬ್ರೆಡ್ಡಿನ ತಲೆಗೆ ಈರುಳ್ಳಿ ಸುರುಳಿಯ ಬಾಲ!"

"ಅಯ್ಯೋ! ಹಾಗಾದ್ರೆ ಇಷ್ಟು ವರ್ಷ ತಪ್ಪೇ ಮಾಡ್ತಿದ್ನಾ?"

"ತಲೆ ನಂದು, ಬಾಲ ನಂದು. ಈ ತಿಂಡಿ ಮಾತ್ರ ನಿಮ್ದು. ಇಷ್ಟು ರುಚಿಯಾಗಿರೋದು ನನ್ನ ಪುಸ್ತಕದಲ್ಲಿ ಒಂದೂ ಇಲ್ಲ."

"ನಂದೇನಿದೆ ಅಮ್ಮ? ಎಲ್ಲ ಆ ಜಾಮು ಮಾಡಿದ್ದು."

"ಜಾಮು ನಾಲ್ಕು ಗಂಟೆಗೆದ್ದು ಹಿಟ್ಟು ನಾದುತ್ತಾ ಅತ್ತಿಗೆ?" ನಾದಿನಿಯ ದನಿ ಸಭೆಗೆಲ್ಲ ಕೇಳಿಸಿತು. "ಮೊದಲಿನ ಆರು ತಿಂಗಳು ಬಾಯಿಗಿಡೋ ಹಾಗಿರ್ಲಿಲ್ಲ ಇದು. ತಿಂದು ತಿಂದು ಸಾಕಾದವಳು ನಾನು, ನಂಗೊತ್ತಿಲ್ವಾ? ದಿನಾ ಒಂದೊಂದು ತಿದ್ದಿ ತಿದ್ದಿ ಈ ರುಚಿಗೆ ತಂದವಳು ನೀನು."

ಸಭೆ ಗೊಳ್ಳೆಂದು ನಕ್ಕಿತು. ಮೊದಲು ಚಪ್ಪಾಳೆ ತಟ್ಟಿದವನು ಜೇನು ಮಾರುವವನೇ. ಸುರುಳಿಯಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡು, ನಾದಿನಿಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು.

ಅಷ್ಟರಲ್ಲಿ ಲೇಖಕಿ ಹಳೆಯ ಪುಸ್ತಕವನ್ನು ನಾದಿನಿಯ ಕೈಗಿತ್ತು, ತಮ್ಮ ಚೀಲದ ತಳದಿಂದ ಒಂದು ನೋಟುಪುಸ್ತಕ ಹುಡುಕಿ ತೆಗೆದಿದ್ದರು. ಇನ್ನೂ ಒಂದಕ್ಷರ ಬರೆಯದ್ದು. ಮೊದಲ ಪುಟದ ಮೇಲೆ ಪೆನ್ನಿಟ್ಟು ತಲೆಯೆತ್ತಿದರು.

"ಕಾಳುಮೆಣಸು ಎಷ್ಟು ಹಾಕ್ತೀರಿ? ನಾನು ಬರೆದಿರೋ ಅಷ್ಟಂತೂ ಅಲ್ಲ, ನಾಲಿಗೆಗೆ ಗೊತ್ತಾಯ್ತು."

ಒಂಬತ್ತು ವರ್ಷದ ಅಭ್ಯಾಸ. ಸುರುಳಿಯಕ್ಕ ನೋಡಿ ಹೇಳಲೆಂದು ಹಳೆಯ ಪುಸ್ತಕಕ್ಕೆ ಕೈಚಾಚಿದಳು. ನಾದಿನಿ ಅದನ್ನು ಮುಚ್ಚಿ ಕಂಕುಳಲ್ಲಿ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.