ಕನ್ನಡಿಗೊಂದು ಶರಣು

ಮಡಿವಾಳಯ್ಯನವರು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು, ಬಲಗೈ ಮೇಲೆತ್ತಿ, ಮುಂದೆ ನಿಂತಿದ್ದ ಸಿಮೆಂಟ್ ಟ್ಯಾಂಕರಿನ ಕನ್ನಡಿಗೆ ಗಟ್ಟಿಯಾಗಿ "ಶರಣ್ರೀ!" ಅಂದರು. ಹಿಂದೆ ತನ್ನ ಸೈಕಲ್ ಹಿಡಿದು ನಿಂತಿದ್ದ ಮೊಮ್ಮಗಳು ಭಾಗ್ಯಶ್ರೀಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆಳಗಿನ ಎಂಟೂವರೆ. ಶಹಾಬಾದಿನ ವಾಡಿ ರಸ್ತೆಯಲ್ಲಿ ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಆಟೊ, ಬೈಕು. ಇಷ್ಟು ಮಂದಿಯ ಎದುರು ಈ ಮುದುಕ ಕನ್ನಡಿಗೆ ನಮಸ್ಕಾರ ಹೇಳಬೇಕೇ!

"ಮುತ್ಯಾ, ಕನ್ನಡಿಗಿ ಯಾಕ ಶರಣು ಮಾಡ್ಲಿಕತ್ತಿ? ಮಂದಿ ನಗಲಿಕತ್ತಾರ."

"ಕನ್ನಡಿಗಲ್ಲವಾ. ಅದರಾಗ ಡ್ರೈವರನ ಮಾರಿ ಕಾಣ್ತದ ನೋಡು, ಅದಕ್ಕ."

ಕನ್ನಡಿಯೊಳಗಿನ ಮುಖ ಇತ್ತ ತಿರುಗಿ ನಕ್ಕಿತು. "ಶರಣ್ರೀ ಅಯ್ಯನೋರೇ, ಹೋಗ್ರಿ!" ಎಂದು ಒಳಗಿನಿಂದ ಡ್ರೈವರ್ ಶಹಾಬುದ್ದೀನ ಕೂಗಿದ. ಆಮೇಲೇ ಮಡಿವಾಳಯ್ಯನವರು ಪೆಡಲು ತುಳಿದು ಟ್ಯಾಂಕರು ದಾಟಿದ್ದು.

ಭಾಗ್ಯಶ್ರೀಗೆ ಊರಿನ ಆ ತುದಿಯ ದವಾಖಾನೆಯ ಲ್ಯಾಬಿನಲ್ಲಿ ನೌಕರಿ ಸಿಕ್ಕಿತ್ತು. ಇವತ್ತು ಮೊದಲ ದಿನ, ಒಂಬತ್ತಕ್ಕೆ ಅಲ್ಲಿರಬೇಕು. "ಆ ಲಾರಿಗಳ ನಡುವ ಸೈಕಲ್ ಹೊಡಕೊಂಡು ಹೋಗೋದಾದ್ರ ನೌಕ್ರಿನೇ ಬ್ಯಾಡ" ಎಂದು ತಾಯಿ ಶರಣಬಸಮ್ಮ ಪಟ್ಟು ಹಿಡಿದಿದ್ದಳು. ಅತ್ತು ಕರೆದ ಮೇಲೆ ಒಂದು ಒಪ್ಪಂದವಾಗಿತ್ತು. ಮುತ್ಯಾ ಜೊತೆಗೆ ಹೋಗಿ ನೋಡುವುದು. ಅವರು ಹೂಂ ಅಂದರೆ ನೌಕರಿ, ಊಹೂಂ ಅಂದರೆ ಮನೆ. ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಗೆ ನಲವತ್ತು ವರ್ಷ ಇದೇ ದಾರಿಯಲ್ಲಿ ಸೈಕಲ್ ತುಳಿದ ಮನುಷ್ಯ ಅವರು. ಮೈಮೇಲೆ ಒಂದು ತರಚುಗಾಯವೂ ಇಲ್ಲ. ಮುತ್ಯಾನ ನಸೀಬು ಗಟ್ಟಿ ಎಂದೇ ಭಾಗ್ಯಶ್ರೀ ತಿಳಿದಿದ್ದಳು.

ಮುಂದಿನ ಲಾರಿಯವನು ದೂರದ ನಾಡಿನವನಿರಬೇಕು, "ರಾಮ್ ರಾಮ್" ಅಂದ. ಅದರ ಮುಂದಿನವನು ಬಾಯಿ ತೆರೆಯದೆ ಹಾರ್ನನ್ನೇ ಒಮ್ಮೆ ಮುಟ್ಟಿದ. ಮಡಿವಾಳಯ್ಯನವರಿಗೆ ಅಷ್ಟೇ ಸಾಕು. "ಸಲಾಂ ಅನ್ಲಿ, ರಾಮ್ ರಾಮ್ ಅನ್ಲಿ, ಪೀಂ ಅನ್ಲಿ. ಶರಣು ಅಂದಿದ್ದಕ್ಕ ತಿರಗಿ ಒಂದು ಬರಬೇಕು. ಅದು ಬರೋತನಕ ನಮ್ಮ ಗಾಲಿ ತಿರಗಬಾರ್ದು, ತಿಳೀತಿಲ್ಲೋ?" ಅಂದರು. ಭಾಗ್ಯಶ್ರೀ ಗಡಿಯಾರ ನೋಡಿಕೊಂಡಳು.

ಕ್ರಾಸಿನಲ್ಲಿ ಫರಸಿ ಹೇರಿಕೊಂಡ ಉದ್ದನೆಯ ಟ್ರೇಲರೊಂದು ನಿಂತಿತ್ತು. ಅದರ ಎಡಕ್ಕೆ, ಗಟಾರದ ಮೇಲೆ ಹಾಸಿದ ಚಪ್ಪಡಿಗಳವರೆಗೆ, ಎರಡು ಸೈಕಲ್ ಹೋಗುವಷ್ಟು ಜಾಗ. ಮಡಿವಾಳಯ್ಯನವರು ಟ್ರೇಲರಿನ ಹಿಂದೆಯೇ ನಿಂತು ಕೈ ಎತ್ತಿದರು. "ಶರಣ್ರೀ!" ಉತ್ತರವಿಲ್ಲ. ಮತ್ತೊಮ್ಮೆ ಕೂಗಿದರು. ಕನ್ನಡಿಯಲ್ಲಿದ್ದ ಮುಖ ತಲೆ ತಗ್ಗಿಸಿ ತೊಡೆಯ ಮೇಲೇನೋ ನೋಡುತ್ತಿತ್ತು. ಹಿಂದಿನಿಂದ ಬೈಕಿನವನೊಬ್ಬ ರೇಗಿದ: "ಯಜಮಾನ್ರ, ಲಾರಿಗಿ ಲಗ್ನಕ್ಕ ಕರೀಲಿಕತ್ತೀರೇನ್ರಿ? ಬಾಜೂಕ ಸರೀರಿ!"

"ನಿಂತ ಗಾಡಿ ಅದ ಮುತ್ಯಾ, ಇದಕ್ಕೇನು ಶರಣು? ನಂಗ ಹೊತ್ತಾಯ್ತು!" ಎಂದು ಭಾಗ್ಯಶ್ರೀ ಮುತ್ಯಾನನ್ನು ದಾಟಿ ಪೆಡಲು ಒತ್ತಿದಳು. ಸೈಕಲ್ ಮಿಸುಕಲಿಲ್ಲ. ತಿರುಗಿ ನೋಡಿದರೆ ಮುತ್ಯಾ ಕ್ಯಾರಿಯರ್ ಹಿಡಿದಿದ್ದಾರೆ.

"ಬಿಡು ಮುತ್ಯಾ!"

"ಅವ ಇನ್ನಾ ಅಂದಿಲ್ಲ."

ಅವಳು ಎಳೆದಳು, ಅವರು ಬಿಡಲಿಲ್ಲ. ಅವಳಿಗೆ ಅಳುವೇ ಬಂತು. ಅಷ್ಟರಲ್ಲಿ ಟ್ರೇಲರು ಹೊರಟಿತು. ಎಡಕ್ಕೆ ತಿರುಗುವ ದೀಪ ಹಾಕಲಿಲ್ಲ, ಹಾರ್ನ್ ಹೊಡೆಯಲಿಲ್ಲ. ಮೂತಿ ನೆಟ್ಟಗೆ ಮುಂದೆ ಹೋಯಿತು, ಆಮೇಲೆ ಎಡಕ್ಕೆ ಹೊರಳಿತು. ಮೂತಿ ಹೋದ ದಾರಿಯಲ್ಲಿ ಬಾಲ ಹೋಗಲಿಲ್ಲ. ಅದು ಗಟಾರದ ಕಡೆಯ ಅಂಚನ್ನು ಒರೆಸಿಕೊಂಡು ಬಂತು, ಮೆಲ್ಲಗೆ, ಸದ್ದೇ ಇಲ್ಲದ ಹಾಗೆ. ಎರಡು ಸೈಕಲ್ಲಿನ ಜಾಗ ಒಂದಾಯಿತು, ಒಂದು ಗೇಣಾಯಿತು, ಇಲ್ಲವೇ ಆಯಿತು. ಹಿಂದಿನ ಗಾಲಿಗಳು ಗಟಾರದ ಚಪ್ಪಡಿಯ ಮೇಲೆ ಹತ್ತಿದವು. ನಾಲ್ಕು ಜನ ಹೊತ್ತು ತಂದು ಹಾಸಿದ ಕಲ್ಲು ಹಪ್ಪಳದ ಹಾಗೆ ಮುರಿದು ಒಳಗೆ ಬಿತ್ತು. ಟ್ರೇಲರು ತನ್ನ ಪಾಡಿಗೆ ತಾನು ಹೋಯಿತು. ಬೈಕಿನವನು ಬೈಕ್ ಬಂದ್ ಮಾಡಿ ಎರಡೂ ಕಾಲು ನೆಲಕ್ಕಿಟ್ಟು ಕೂತ.

ಭಾಗ್ಯಶ್ರೀ ಸೈಕಲ್ಲನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಳು. ಅಬ್ಬಾ, ಇಷ್ಟು ದೊಡ್ಡದು ಎಷ್ಟು ಸುಮ್ಮನೆ ಬಂತಲ್ಲ! ಅವಳು ಮುರಿದ ಕಲ್ಲನ್ನು ನೋಡಿದಳು, ಕ್ಯಾರಿಯರ್ ಮೇಲಿದ್ದ ನರ ಉಬ್ಬಿದ ಕೈ ನೋಡಿದಳು. ದಿನಕ್ಕೆ ಎಷ್ಟು ಗಾಡಿ, ನಲವತ್ತು ವರ್ಷಕ್ಕೆ ಎಷ್ಟು! ಅಷ್ಟಕ್ಕೂ ಒಂದೊಂದಾಗಿ ಕೈ ಎತ್ತಿ, ಕಾದು, ಸಂಜೆ ಮನೆಗೆ ಬಂದು ಉಂಡಿದ್ದಾನೆ ಈ ಮುತ್ಯಾ. ಅದನ್ನು ತಾನು ನಸೀಬು ಅಂದುಕೊಂಡಿದ್ದಳು. ಅವಳಿಗೆ ಹೆದರಿಕೆಗಿಂತ ಬೆರಗೇ ಹೆಚ್ಚಾಯಿತು. ಬಾಯಿಗೆ ಬಂದದ್ದು ಮಾತ್ರ ಸಿಟ್ಟು.

"ಅವ ಮನಷಾ ಏನು ಮುತ್ಯಾ? ನೋಡಲೇ ಇಲ್ಲ ನಮ್ಮನ್ನ!"

"ಸಿಟ್ಟಾಗಬ್ಯಾಡವಾ. ನೋಡಿಲ್ಲಂದ್ರ ಅವನ ಪಾಲಿಗಿ ನಾವಿನ್ನಾ ಹುಟ್ಟೇ ಇಲ್ಲ. ಹುಟ್ಟದವರಿಗಾಗಿ ಯಾರು ಬ್ರೇಕ್ ಹಾಕ್ತಾರ?"

ನೌಕರಿಯ ಮಾತಿಗೆ ಮುತ್ಯಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಇನ್ನೊಂದು ಟ್ಯಾಂಕರು ಬಂದು ಅದೇ ಜಾಗದಲ್ಲಿ ನಿಂತಿತು. ಮಡಿವಾಳಯ್ಯನವರು ಈ ಸಲ ಕೈ ಎತ್ತಲಿಲ್ಲ, ಮೊಮ್ಮಗಳ ಮುಖ ನೋಡುತ್ತ ನಿಂತರು. ಅವಳು ಕೈ ಎತ್ತಿದಳು. ಮೊದಲ ಸಲ ಅಂದದ್ದು ಹಾರ್ನುಗಳ ಸದ್ದಿನಲ್ಲಿ ಮುಳುಗಿತು. ಎರಡನೆಯ ಸಲ ಇಡೀ ಕ್ರಾಸು ತಿರುಗಿ ನೋಡುವಂತೆ ಕೂಗಿದಳು: "ಶರಣ್ರೀ!"

ಕನ್ನಡಿಯೊಳಗಿನ ಮುಖ ಬೆಚ್ಚಿ ಅತ್ತಿತ್ತ ಹುಡುಕಿತು. ಅವಳ ಮೇಲೆ ಬಂದು ನಿಂತಿತು. ಎರಡು ಬೆರಳು ಹಣೆ ಮುಟ್ಟಿದವು.

"ಈಗ ಹುಟ್ಟಿದಿ ನೋಡು," ಎಂದು ಮಡಿವಾಳಯ್ಯನವರು ಕ್ಯಾರಿಯರ್ ಬಿಟ್ಟರು. "ನಡಿ, ನೌಕ್ರಿಗಿ ಹೊತ್ತಾಗ್ತದ."