ರಾಕ್ಷಸನ ಗಿಳಿ

ಮೇಸ್ತ್ರಿ ಏಣಿ ಹತ್ತಿ ವೈರ್ ಸುಲಿಯುತ್ತಿದ್ದ. ಕೆಳಗೆ ಏಣಿ ಹಿಡಿದವಳು ಹೆಲ್ಪರ್ ಕೆಲಸ ಕಲಿಯಲು ಅಂದೇ ಬಂದಿದ್ದ ಹುಡುಗಿ.

"ಮೇನ್ ಆಫ್ ಮಾಡಿದ್ಮೇಲೂ ಫ್ಯೂಸ್ ಯಾಕೆ ಕಿತ್ತೆ? ಪುಕ್ಕಲಿ!"

"ರಾಕ್ಷಸನ ಜೀವ ಗಿಳೀಲಿರುತ್ತೆ ಅಂತಿದ್ರು ನಮ್ಮಜ್ಜಿ. ಗಿಳಿ ನಮ್ಮ ಕೈಲಿದ್ರೆ ಅವನೇನೂ ಮಾಡಲ್ಲ."

"ಅಜ್ಜಿಕತೆ ಹೇಳೋಕೆ ಬಂದ್ಯಾ? ವಾಪಸ್ ಹಾಕ್ಬಾ. ಇಲ್ದಿದ್ರೆ ನಾಳೆಯಿಂದ ಮನೇಲೇ ಮುದ್ದೆ ತಿರುವ್ಕೊಂಡಿರು."

ಅವಳು ಒಳಹೋಗಿ ಬಂದಳು.

"ಹಾಕಿದ್ಯಾ?"

"ಹೂಂ ಮೇಸ್ತ್ರಿ."

"ಹಂಗೆ ಹೇಳಿದ್ದು ಕೇಳು. ನಿಮ್ಮಂಥೋರಿಗೆ ತಲೆ ಇರೋದು ಜಡೆ ಹಾಕ್ಕೊಳ್ಳೋಕೆ." ನಗುತ್ತಲೇ ಸುಲಿದ ವೈರನ್ನು ಬರಿಗೈಯಲ್ಲಿ ಹಿಡಿದ.

ಒಳಗಿನಿಂದ ಮನೆಯೊಡತಿ ಕೂಗಿದಳು: "ಮೇಸ್ತ್ರೀ, ನಾನು ಮೇನ್ ಆನ್ ಮಾಡಿ ಆಗಲೇ ಐದು ನಿಮಿಷ ಆಯ್ತು. ಫ್ಯಾನ್ ಯಾಕೆ ತಿರುಗ್ತಿಲ್ಲ?"

ಹುಡುಗಿ ಜೇಬಿನಿಂದ ಫ್ಯೂಸ್ ತೆಗೆದು ಮೇಲೆತ್ತಿ ತೋರಿಸಿದಳು.

"ಗಿಳಿ ನನ್ನ ಹತ್ರಾನೇ ಇದೆ, ಮೇಸ್ತ್ರಿ."