ಡಾರ್ಕ್‌ರೂಮಿನ ಚೀಟಿ

ಚೀಟಿಯಲ್ಲಿ ಏನೂ ಇರಲಿಲ್ಲ. ಫೋಟೋಗ್ರಾಫರ್ ತಿರುಗಿಸಿ ನೋಡಿದ. ಆ ಬದಿಯೂ ಖಾಲಿ. ಡಾರ್ಕ್‌ರೂಮಿನ ಕೆಂಪು ದೀಪಕ್ಕೆ ಹತ್ತಿರ ಹಿಡಿದ. ಬರೀ ಮಡಿಕೆಯ ಗೆರೆಗಳು.

ಗಂಡಹೆಂಡಿರ ಮಾತು ನಿಂತು ಹತ್ತೊಂಬತ್ತು ದಿನಗಳಾಗಿದ್ದವು. ಹೇಳಬೇಕಾದದ್ದನ್ನು ಇಬ್ಬರೂ ಚೀಟಿಯಲ್ಲಿ ಬರೆದು ಇಲ್ಲಿಯ ಕ್ಲಿಪ್ಪಿಗೆ ಸಿಕ್ಕಿಸುತ್ತಿದ್ದರು. 'ಪಾಸ್‌ಪೋರ್ಟ್ ಫೋಟೋ ನಾಳೆಗೆ ಬೇಕು.' 'ಹಾಲು ಮುಗಿದಿದೆ.' ನಿನ್ನೆ ಅವನೇ ಸೋತು ಬರೆದಿದ್ದ: 'ಇನ್ನೂ ಕೋಪವೇ?' ಇದಕ್ಕೂ ಉತ್ತರ ಬರದಿದ್ದರೆ ಸಂಸಾರ ಮುರಿದಂತೆಯೇ ಎಂದು ಅವನಿಗೆ ಗೊತ್ತಿತ್ತು. ಬಂದದ್ದು ನಾಲ್ಕು ಮಡಿಕೆಯ ಖಾಲಿ ಕಾಗದ.

ಹೊರಗಿನಿಂದ ನಾದಿನಿ ಬಾಗಿಲು ತಟ್ಟಿದಳು.

"ಭಾವ, ಅಕ್ಕ ಚೀಟಿ ಇಟ್ಟಿದಾಳಂತೆ. ಓದಿದ್ರಾ?"

"ಓದೋಕೆ ಏನಿದೆ ಅದ್ರಲ್ಲಿ?"

"ಕಲ್ಲು ಕಣ್ರೀ ನೀವು."

"ನಿಮ್ಮಕ್ಕನ ಜೊತೆ ಇದ್ದೂ ಇದ್ದೂ ಹಾಗಾಗಿರೋದು."

ಸ್ಟುಡಿಯೋ ಹೆಂಡತಿಯ ತಂದೆಯದು. ಅವನಿಗೆ ಡಾರ್ಕ್‌ರೂಮಿನ ಕೆಲಸ ಕಲಿಸಿದವಳೂ ಅವಳೇ. ಒಳಗೆ ಕಪ್ಪು ಪೆನ್ಸಿಲ್ ಮಾತ್ರ ಎಂದು ದಾರ ಕಟ್ಟಿ ನೇತುಹಾಕಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ.

ಅದನ್ನೇ ಎಳೆದುಕೊಂಡು ಆ ಕಾಗದದ ಮೇಲೆ ಒತ್ತಿ ಬರೆದ: 'ನನಗೂ ಹೇಳುವುದೇನೂ ಇಲ್ಲ.' ಉಳಿದ ಪ್ರಿಂಟುಗಳನ್ನು ತೊಳೆದು ಹೊರಬಂದಾಗ ಹನ್ನೊಂದೂವರೆ.

"ತಗೋ, ನಿಮ್ಮಕ್ಕನಿಗೆ ಕೊಡು."

ನಾದಿನಿ ಓದಿದಳು. ಮುಖ ಬಿಳುಚಿಕೊಂಡಿತು.

"ಇದರ ಮೇಲೆ ಹೀಗೆ ಬರೆಯೋಕೆ ಮನಸ್ಸು ಹೇಗೆ ಬಂತು ಭಾವ?"

ಕಿಟಕಿಯ ಬಿಸಿಲಿನಲ್ಲಿ ಕಾಗದದ ತುಂಬ ಕೆಂಪು ಅಕ್ಷರಗಳಿದ್ದವು. 'ಕೋಪ ಇಲ್ಲ. ಸುಸ್ತಾಗಿದೆ. ಹನ್ನೊಂದರ ಬಸ್ಸಿಗೆ ಊರಿಗೆ ಹೋಗುತ್ತಿದ್ದೇನೆ, ಮತ್ತೆ ಬರುವುದಿಲ್ಲ. ನೀವು ಬಂದು ಒಂದೇ ಸಲ ಹೋಗಬೇಡ ಎಂದರೆ ಉಳಿಯುತ್ತೇನೆ.' ಅದರ ಮೇಲೆ ಅಡ್ಡಡ್ಡ ಅವನ ಕಪ್ಪು ಸಾಲು.

ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಬಸ್ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆಯಷ್ಟೇ ಇತ್ತು. ಹಿಂದಿರುಗಿ ಸ್ಟುಡಿಯೋ ಮೆಟ್ಟಿಲ ಮೇಲೆ ಕುಸಿದು ಕೂತ. "ಒಳಗೆ ನೋಡಿದಾಗ ಕಾಗದ ಖಾಲಿ ಇತ್ತು ಕಣೇ," ಎಂದ.

ನಾದಿನಿ ನೀರು ತಂದು ಪಕ್ಕದಲ್ಲಿ ಕೂತಳು. "ಅಪ್ಪ ಹೇಳ್ತಿದ್ರು ಭಾವ. ಕೆಂಪು ದೀಪದಲ್ಲಿ ಬಿಳಿ ಕಾಗದ ವಾಪಸ್ ಕಳಿಸೋದೂ ಕೆಂಪನ್ನೇ, ಕೆಂಪು ಶಾಯಿ ಕಳಿಸೋದೂ ಕೆಂಪನ್ನೇ. ಎರಡೂ ಒಂದೇ ಆಗಿ ಅಕ್ಷರ ಕಾಣ್ಸಲ್ಲ. ಅಕ್ಕ ಗಡಿಬಿಡಿಯಲ್ಲಿ ಮರೆತಿರ್ತಾಳೆ. ನಿಮ್ಮ ತಪ್ಪಲ್ಲ."

"ಅವಳದೂ ಅಲ್ಲ. ಆ ಹಾಳು ದೀಪದ್ದು." ಅವನು ಕಣ್ಣೊರೆಸಿಕೊಂಡ. "ಮುಂದಿನ ಬಸ್ಸಿಗೇ ಹೋಗ್ತೀನಿ. ಅಕ್ಷರ ಕಾಣಲೇ ಇಲ್ಲ ಕಣೇ ಅಂತೀನಿ. ಬಿದ್ದು ಬಿದ್ದು ನಗ್ತಾಳೆ ನೋಡು."

ಎದುರಿನ ಪೆನ್ನಂಗಡಿಯವನು ಅಲ್ಲಿಂದಲೇ ಕೂಗಿದ:

"ಏನ್ ಸಾಹೇಬ್ರೇ, ಪೆನ್ನು ಚೆನ್ನಾಗಿ ಬರೀತಾ? ನಿನ್ನೆ ನಿಮ್ಮ ಮನೆಯವರು ನನ್ನ ಪ್ರಾಣ ತಿಂದ್ಬಿಟ್ರು. ಒಂಬತ್ತು ಕೆಂಪು ಪೆನ್ನಲ್ಲಿ ಗೀಚಿ, ಒಂದೊಂದರ ಮೇಲೂ ಕೆಂಪು ಗಾಜು ಇಟ್ಟು ನೋಡಿ, ಎಂಟನ್ನ ಗೆರೆ ಕಾಣ್ಸುತ್ತೆ ಬೇಡ ಅಂದ್ರು. ಪೂರ್ತಿ ಮಾಯ ಆಗಿದ್ದನ್ನೇ ತಗೊಂಡು ಹೋದ್ರು!"